ಕಣ್ಣಿನ ಹಳದಿ ಇಳಿಯುವವರೆಗೆ

ಮಾರ್ಚ್ 3, ಸೋಮವಾರ

ಕಂಪನಿಯ ಹಳೆಯ ಸರ್ವಿಸ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಹದಿನಾಲ್ಕು ವರ್ಷದಿಂದ ಲಿಫ್ಟ್ ರಿಪೇರಿ ಮಾಡಿಕೊಂಡು ಬಂದವನಿಗೆ ಯಾವ ಕಟ್ಟಡ, ಏನು ಕೆಟ್ಟಿತ್ತು, ಏನು ಮಾಡಿದೆ ಎಂದು ಬರೆಯದೆ ಇದ್ದರೆ ದಿನ ಮುಗಿದಂತೆ ಅನ್ನಿಸುವುದಿಲ್ಲ. ಇವತ್ತು ಒಂದು ಲಿಫ್ಟನ್ನೂ ಮುಟ್ಟಲಿಲ್ಲ.

ಬೆಳಗ್ಗೆ ಒಂಬತ್ತಕ್ಕೆ ಹೆಂಡತಿಯ ಅಪ್ಪನ ಕೋಣೆಯ ಕೆಳಗಿನ ಮನೆಯವರು ಫೋನ್ ಮಾಡಿ, "ಯಾಕೋ ಸರಿ ಕಾಣ್ತಿಲ್ಲ, ಬೇಗ ಬನ್ನಿ" ಎಂದರು. ಎರಡು ಬೀದಿ ದಾಟಿ ಓಡಿದೆ. ಮಂಚದ ತುದಿಯಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಯವರೆಗೆ ಗುಂಡಿ, ತುಟಿ ನೀಲಿ. "ಅಳಿಯಂದಿರು ಯಾಕೆ ತೊಂದರೆ ತಗೊಂಡ್ರಿ" ಎಂದರು. ನಾಲ್ಕು ಪದಕ್ಕೆ ನಾಲ್ಕು ಸಲ ಉಸಿರು ಎಳೆದರು.

ಕೋರ್ಟಿನಲ್ಲಿ ಮೂವತ್ತಾರು ವರ್ಷ ಟೈಪಿಸ್ಟ್ ಆಗಿದ್ದವರು. ಹುಟ್ಟುವಾಗಲೇ ಇಸ್ತ್ರಿ ಹಾಕಿಸಿಕೊಂಡು ಬಂದವರಂತೆ ಇರುತ್ತಾರೆ. ಅದಕ್ಕೇ ನಾನು ಮನಸ್ಸಿನಲ್ಲಿ ಅವರಿಗೆ ಇಟ್ಟ ಹೆಸರು ಇಸ್ತ್ರಿ. ಮಗಳಿಗೆ ಮೇಜು ಕುರ್ಚಿಯ ಗಂಡು ಬಯಸಿದ್ದರು, ಸಿಕ್ಕಿದ್ದು ಗ್ರೀಸ್ ಕೈಯವನು. ಒಂಬತ್ತು ವರ್ಷವಾದರೂ ನಾನು ಹೋದರೆ ಕುರ್ಚಿಯ ಮೇಲೆ ಮೊದಲು ಪೇಪರ್ ಹಾಸಿ, ಆಮೇಲೆ "ಕೂತ್ಕೊಳ್ಳಿ" ಎನ್ನುತ್ತಾರೆ.

ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಎಂದರು ಆಸ್ಪತ್ರೆಯಲ್ಲಿ. ರಕ್ತದ ಒತ್ತಡ ಕುಸಿದಿದೆ. ಸೀದಾ ಐಸಿಯುಗೆ ಕರೆದುಕೊಂಡು ಹೋದರು. ಅಂಗಿ, ಪ್ಯಾಂಟು, ಬೆಲ್ಟು, ಕನ್ನಡಕ ಒಂದು ಚೀಲದಲ್ಲಿ ನನ್ನ ಕೈಗೆ ಬಂದವು.

ನನ್ನವಳು ಬರುವಂತಿಲ್ಲ. ಮಗಳು ಪುಟ್ಟಿಗೆ ಚಿಕನ್ ಪಾಕ್ಸ್, ಮೊನ್ನೆಯಿಂದ ಇವಳಿಗೂ ಮೈತುಂಬ ಗುಳ್ಳೆ. ಐಸಿಯು ಬಾಗಿಲ ಹತ್ತಿರವೂ ಸುಳಿಯಬಾರದು ಎಂದಿದ್ದಾರೆ. ಅವಳ ಅಣ್ಣ ಇರುವುದು ದೂರದ ಶಹರದಲ್ಲಿ. ಹಾಗಾಗಿ ಕಾಯುವ ಪಾಳಿ ನನ್ನದು. ಯಾರಿಗೆ ನನ್ನ ಮುಖ ಕಂಡರಾಗದೋ ಅವರಿಗೆ ನಾನೇ ಗತಿ.

ಮಾರ್ಚ್ 4, ಮಂಗಳವಾರ

ಉಸಿರಾಟಕ್ಕೆ ಯಂತ್ರ ಹಾಕಿದರು. ಬೆಳಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ, ಸಂಜೆ ಐದಕ್ಕೆ ಹತ್ತು ನಿಮಿಷ ನೋಡಲು ಬಿಡುತ್ತಾರೆ. ಬಾಯಲ್ಲಿ ಕೊಳವೆ, ಮೂಗಲ್ಲಿ ಕೊಳವೆ, ಕುತ್ತಿಗೆಯಲ್ಲಿ ಸೂಜಿ. ನಿದ್ದೆಯ ಔಷಧಿ ಕೊಟ್ಟಿದ್ದಾರೆ. ನನಗೆ ಅಲ್ಲಿ ಮಾಡುವ ಕೆಲಸವೇನೂ ಇಲ್ಲ. ಯಂತ್ರದ ಸದ್ದು ಕೇಳಿದೆ. ಒಳ್ಳೆಯ ಯಂತ್ರ, ಸದ್ದಿನಲ್ಲಿ ಏರುಪೇರಿಲ್ಲ.

ಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದೆ. ಇವಳು ಅಳಲಿಲ್ಲ. "ಗಡ್ಡ ಬೆಳೆದಿತ್ತಾ?" ಎಂದು ಕೇಳಿದಳು.

ಮಾರ್ಚ್ 6, ಗುರುವಾರ

ಕಣ್ಣು ಹಳದಿಯಾಗಿದೆ. ರೆಪ್ಪೆ ಅರ್ಧ ತೆರೆದಿತ್ತು, ಒಳಗಿನ ಬಿಳಿ ಹಳೆಯ ಕಾಗದದಂತೆ ಕಂಡಿತು. ಹೊಟ್ಟೆ ಉಬ್ಬಿ ಬಿಗಿದುಕೊಂಡಿದೆ. ಮೂಗಿನ ಕೊಳವೆಯಲ್ಲಿ ಹಾಕಿದ ಆಹಾರ ಹೊಟ್ಟೆಯಿಂದ ಮುಂದೆ ಹೋಗುತ್ತಿಲ್ಲ, ಹಾಕಿದ್ದೆಲ್ಲ ವಾಪಸ್ ಬರುತ್ತಿದೆ ಎಂದರು ನರ್ಸ್. ದಪ್ಪ ಕನ್ನಡಕದ, ಯಾರಿಗೂ ಅಂಜದ ಹೆಂಗಸು. ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಾರೆ.

ಐಸಿಯು ಡಾಕ್ಟರಮ್ಮ ಕುಳ್ಳಗಿನವರು, ಕಾಲಿಗೆ ಓಟದ ಶೂ. ನನ್ನನ್ನು ಪಕ್ಕಕ್ಕೆ ಕರೆದು, "ಇವರು ಕುಡೀತಾರಾ?" ಎಂದರು.

"ಇಲ್ಲ. ಕಾಫಿಗೂ ಅರ್ಧ ಲೋಟ ಅನ್ನೋರು."

"ಮನೆಯವರಿಗೆ ಗೊತ್ತಿಲ್ದೇನೇ ಕುಡಿಯೋರು ಇರ್ತಾರೆ. ಮಾತ್ರೆ, ನಾಟಿ ಔಷಧಿ ಏನಾದ್ರೂ ತಗೋತಿದ್ರಾ? ಮನೇಲಿ ಏನಿದ್ಯೋ ಎಲ್ಲಾ ತನ್ನಿ. ಲಿವರ್ ಯಾಕೆ ಹೀಗಾಗ್ತಿದೆ ಅಂತ ಎಲ್ಲ ಕಡೆಯಿಂದ ನೋಡ್ಬೇಕು."

ಕೋಣೆಗೆ ಹೋಗಿ ಹುಡುಕಿದೆ. ನಿಜ ಬರೆಯುತ್ತೇನೆ, ಒಂದು ಬಾಟಲಿ ಸಿಗಲಿ ಎಂದು ಒಳಗೊಳಗೇ ಆಸೆಯಿತ್ತು. ಒಂಬತ್ತು ವರ್ಷ ಕುರ್ಚಿಗೆ ಪೇಪರ್ ಹಾಸಿದ್ದಕ್ಕೆ ಅದೊಂದು ಜವಾಬು ಆಗುತ್ತಿತ್ತು. ಬಾಟಲಿ ಇರಲಿಲ್ಲ. ಮಾತ್ರೆಯ ಡಬ್ಬಿಯಲ್ಲಿ ಪ್ರತಿ ಖಾನೆಗೂ ಟೈಪ್ ಮಾಡಿ ಅಂಟಿಸಿದ ಚೀಟಿ: ತಲೆ, ಹೊಟ್ಟೆ, ಮಂಡಿ. ಜ್ವರದ ಮಾತ್ರೆಯ ಪಟ್ಟಿಯಲ್ಲಿ ನಾಲ್ಕು ಮಾತ್ರ ಖಾಲಿ.

ಬೀರುವಿನಲ್ಲಿ ಅಂಗಿಗಳ ಕೆಳಗೆ ಒಂದು ಫೈಲ್ ಸಿಕ್ಕಿತು. ತೆರೆದರೆ ಎಲ್ಲಾ ಪತ್ರಿಕೆಯ ತುಂಡುಗಳು. ಲಿಫ್ಟ್ ಕುಸಿದು ಇಬ್ಬರ ಸಾವು. ರಿಪೇರಿ ಮಾಡುತ್ತಿದ್ದಾಗ ಜಾರಿ ಬಿದ್ದ ಮೆಕ್ಯಾನಿಕ್. ಕೇಬಲ್ ತುಂಡಾಗಿ ಕೈ ಕಳೆದುಕೊಂಡ ಕಾರ್ಮಿಕ. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ತಾರೀಖು. ನನ್ನ ಕೆಲಸ ಎಂಥದ್ದು ಎಂದು ಮಗಳಿಗೆ ತೋರಿಸಲು ಕೋರ್ಟಿನ ಗುಮಾಸ್ತನ ಬುದ್ಧಿಯಲ್ಲಿ ಸಾಕ್ಷಿ ಕೂಡಿಟ್ಟಿದ್ದಾರೆ. ಮೈ ಉರಿದುಹೋಯಿತು. ಇದ್ದ ಹಾಗೇ ಇಟ್ಟು ಬಂದೆ.

ಮಾರ್ಚ್ 7, ಶುಕ್ರವಾರ

ಡಬ್ಬಿ ನೋಡಿ ಡಾಕ್ಟರಮ್ಮ, "ಇದ್ರಲ್ಲಿ ತಪ್ಪಿಲ್ಲ" ಎಂದರು. ಹೊಟ್ಟೆಯ ಸ್ಕ್ಯಾನ್ ಆಗಿದೆ. ಕಲ್ಲಿಲ್ಲ, ಪಿತ್ತದ ನಾಳ ಎಲ್ಲೂ ಕಟ್ಟಿಕೊಂಡಿಲ್ಲ. ಕಾಮಾಲೆಯ ವೈರಸ್ಸೂ ಇಲ್ಲ.

"ಹಾಗಾದ್ರೆ ಕೆಟ್ಟಿದ್ದು ಎದೆ, ಹಳದಿ ಆಗಿದ್ದು ಕಣ್ಣು, ನಿಂತಿದ್ದು ಹೊಟ್ಟೆ. ಒಂದಕ್ಕೊಂದು ಏನು ಸಂಬಂಧ?" ಎಂದು ಕೇಳಿದೆ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ದೀಪ ಆರುವುದು ನನಗೆ ಹೊಸತಲ್ಲ, ಆದರೆ ನಡುವಿನ ವೈರು ಎಲ್ಲಿ ಹೋಗಿದೆ ಎಂದು ಗೊತ್ತಾಗಬೇಕು. ಡಾಕ್ಟರಮ್ಮ ಕಾಗದ ತೆಗೆದು ಬರೆದು ತೋರಿಸಿದರು.

"ಗಾಯ ಆದಾಗ ಸುತ್ತ ಕೆಂಪಾಗಿ ಬಾತುಕೊಂಡು ಬಿಸಿ ಆಗತ್ತಲ್ಲ, ಅದನ್ನ ಉರಿಯೂತ ಅಂತೀವಿ. ಅದು ಮಾಡೋದು ರೋಗಾಣು ಅಲ್ಲ, ನಮ್ಮ ಮೈಯೇ. ಒಂದೇ ಜಾಗದಲ್ಲಿ ಇದ್ರೆ ಒಳ್ಳೇದು. ಇವರದ್ದು ಎದೇಲಿ ಶುರುವಾಗಿ ರಕ್ತದ ಜೊತೆ ಮೈಗೆಲ್ಲ ಹರಡಿದೆ. ಬಿ.ಪಿ. ಬಿತ್ತು. ಆಗ ಮೈ ಏನು ಮಾಡತ್ತೆ? ಹೃದಯ, ಮೆದುಳಿಗೆ ರಕ್ತ ಉಳಿಸ್ಕೊಂಡು ಕರುಳಿಗೆ ಕಡಿಮೆ ಮಾಡತ್ತೆ. ಕರುಳಿನ ಒಳಗಿನ ಪದರ ತುಂಬಾ ತೆಳು, ಒಂದೇ ಸಾಲು ಜೀವಕೋಶ. ರಕ್ತ ಕಡಿಮೆ, ಮೇಲಿಂದ ಉರಿಯೂತ. ಅದು ಅಲ್ಲಲ್ಲಿ ಬಿಟ್ಕೊಳ್ಳತ್ತೆ. ಕರುಳು ಅಲ್ಲಾಡೋದೂ ನಿಲ್ಲತ್ತೆ. ಒಳಗಿರೋ ಹೊಲಸು ರಕ್ತಕ್ಕೆ ಸೋರತ್ತೆ."

"ಲಿವರ್?"

"ಕರುಳಿಂದ ಹೊರಟ ರಕ್ತ ಎಲ್ಲಾ ಮೊದಲು ಹೋಗೋದೇ ಲಿವರ್‌ಗೆ. ಅಲ್ಲಿ ಕಾವಲು ಕಾಯೋ ಜೀವಕೋಶಗಳಿವೆ. ಸೋರಿದ್ದನ್ನ ನೋಡಿ ಅವೂ ಕೆರಳ್ತವೆ. ಉರಿಯೂತ ಇನ್ನಷ್ಟು ಜಾಸ್ತಿ. ಆ ಗಲಾಟೇಲಿ ಲಿವರ್ ಪಿತ್ತಾನ ಹೊರಗೆ ಹಾಕೋ ಕೆಲಸ ಬಿಟ್ಟುಬಿಡತ್ತೆ. ಅದು ರಕ್ತದಲ್ಲೇ ಉಳಿಯತ್ತೆ. ಕಣ್ಣಲ್ಲಿ ಕಂಡಿದ್ದು ಅದೇ."

ಕರುಳು ಲಿವರನ್ನು ಕೆಡಿಸುತ್ತದೆ, ಲಿವರ್ ಮೈಯನ್ನು ಕೆಡಿಸುತ್ತದೆ, ಮೈ ಮತ್ತೆ ಕರುಳನ್ನು ಕೆಡಿಸುತ್ತದೆ. "ಇದಕ್ಕೆ ಕೊನೆ ಎಲ್ಲಿ?" ಎಂದೆ.

"ಲಿವರ್‌ಗೆ ಅಂತ ಬೇರೆ ಮದ್ದಿಲ್ಲ. ಎದೆ ಸೋಂಕು ಇಳೀಬೇಕು. ಬಿ.ಪಿ. ಹಿಡಿದಿಡಬೇಕು. ಕರುಳಿಗೆ ಚೂರು ಚೂರೇ ಆಹಾರ ಕೊಡ್ತಾ ಇರ್ಬೇಕು, ಉಪವಾಸ ಬಿಟ್ರೆ ಇನ್ನೂ ಸೊರಗತ್ತೆ. ಗಂಟೆಗೆ ಹತ್ತು ಮಿಲಿ ಕೊಡ್ತಿದೀವಿ, ಎರಡು ಚಮಚ. ಅದು ಮುಂದೆ ಹೋದ ದಿನ ನಾನು ನಿಮಗೆ ಧೈರ್ಯ ಹೇಳ್ತೀನಿ. ಇವತ್ತು ಹೇಳಲ್ಲ."

ಇಸ್ತ್ರಿಯ ಕಾಲಿನ ಉಗುರು ಬೆಳೆದಿವೆ. ನೋಡಿದರೆ ಅವರೇ ಸಹಿಸುತ್ತಿರಲಿಲ್ಲ.

ಮಾರ್ಚ್ 8, ಶನಿವಾರ

ಭಾವ ಬಂದರು. ಹೆಂಡತಿಯ ಅಣ್ಣ, ಶಹರದಲ್ಲಿ ಕೋಲ್ಡ್ ಸ್ಟೋರೇಜ್ ನಡೆಸುತ್ತಾರೆ. ಬಂದವರು ಒಳಗೆ ಹೋಗಿ ನೋಡುವ ಮೊದಲೇ ವೆರಾಂಡದಲ್ಲಿ ನನ್ನ ಮೇಲೆ ಹರಿಹಾಯ್ದರು.

"ನಮ್ಮಪ್ಪನ ಲಿವರ್ ಹೇಗ್ರೀ ಹಾಳಾಯ್ತು? ನೀವೇನಾದ್ರೂ ಅವ್ರಿಗೆ ಕುಡಿಯೋದು ಕಲಿಸಿದ್ರಾ?"

ಬೆಂಚಿನ ಮೇಲೆ ಕೂತವರೆಲ್ಲ ತಿರುಗಿ ನೋಡಿದರು. ನಿಮ್ಮಪ್ಪ ನನ್ನ ಕೈಯಿಂದ ನೀರು ಕುಡಿಯಲೂ ಯೋಚಿಸುವವರು ಎಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಡಾಕ್ಟರಮ್ಮ ಬರೆದ ಕಾಗದ ಜೇಬಿನಲ್ಲೇ ಇತ್ತು. ಬಿಡಿಸಿ ಎದೆಯಿಂದ ಕರುಳಿಗೆ, ಕರುಳಿಂದ ಲಿವರಿಗೆ ಬೆರಳು ಓಡಿಸಿ ಹೇಳಿದೆ. ಅರ್ಧ ಕೇಳಿದರು. "ಇಲ್ಲಿ ಲಿವರ್ ಡಾಕ್ಟರೇ ಇಲ್ಲ. ನಾಳೆ ಆಂಬುಲೆನ್ಸ್ ತರಿಸ್ತೀನಿ, ಶಹರಕ್ಕೆ ಕರ್ಕೊಂಡು ಹೋಗ್ತೀನಿ" ಎಂದರು.

ರಕ್ತ ಪರೀಕ್ಷೆಯಲ್ಲಿ ಹಳದಿಯ ಅಂಕಿ ಆರು ದಾಟಿದೆ. ಸಾಮಾನ್ಯರಿಗೆ ಒಂದು ಇರುತ್ತದಂತೆ.

ಮಾರ್ಚ್ 9, ಭಾನುವಾರ

ಬೆಳಗ್ಗೆ ಎಂಟಕ್ಕೇ ಆಂಬುಲೆನ್ಸ್ ಬಂದು ನಿಂತಿತ್ತು. ಡಾಕ್ಟರಮ್ಮ ಜಗಳಕ್ಕೆ ಬರಲಿಲ್ಲ. "ಕರ್ಕೊಂಡು ಹೋಗೋದು ನಿಮ್ಮ ಹಕ್ಕು. ಐದು ಗಂಟೆ ದಾರಿ. ಈಗ ಬಿ.ಪಿ. ನಿಂತಿರೋದೇ ಎರಡು ಔಷಧಿ ಮೇಲೆ. ದಾರೀಲಿ ಬಿದ್ರೆ ಕರುಳಿಗೆ ಹೋಗೋ ರಕ್ತ ಇನ್ನೂ ಕಡಿಮೆ ಆಗತ್ತೆ. ಅಲ್ಲಿಯ ಲಿವರ್ ಡಾಕ್ಟರ ಹತ್ರ ನಿನ್ನೇನೇ ಮಾತಾಡಿದೀನಿ, ಅವರೂ ಇದನ್ನೇ ಮುಂದುವರಿಸಿ ಅಂದ್ರು. ಯಾರು ಸಹಿ ಹಾಕ್ತೀರಾ, ನಿರ್ಧಾರ ಮಾಡಿ" ಎಂದರು.

ಇವಳಿಗೆ ಫೋನ್ ಮಾಡಿದೆ. ಎರಡೂ ಕಡೆಯದು ಹೇಳಿದೆ.

"ನೀವೇನು ಹೇಳ್ತೀರಿ?" ಎಂದಳು.

"ನಾನು ಏನು ಹೇಳೋದು? ಅಪ್ಪ ನಿನ್ನವರು, ಅಣ್ಣ ನಿನ್ನವರು. ಆಮೇಲೆ ಹೆಚ್ಚು ಕಮ್ಮಿ ಆದ್ರೆ ನನ್ನ ತಲೆ ಮೇಲೆ ಬರತ್ತೆ. ಹೇಗೂ ಅವ್ರಿಗೆ ನಾನಂದ್ರೆ ಆಗಲ್ಲ." ಬಾಯಿ ತಪ್ಪಿ ಆ ಫೈಲಿನ ವಿಷಯವೂ ಬಂದುಬಿಟ್ಟಿತು.

"ಆ ಫೈಲಾ? ನಂಗೆ ಗೊತ್ತು. ದಿನಾ ಸಂಜೆ ಏಳಕ್ಕೆ ಅಪ್ಪ ಫೋನ್ ಮಾಡ್ತಾರಲ್ಲ, ಯಾಕೆ ಅನ್ಕೊಂಡಿದ್ರಿ?"

"ಪುಟ್ಟಿ ಜೊತೆ ಮಾತಾಡೋಕೆ."

"ಪುಟ್ಟಿ ಹುಟ್ಟೋಕೆ ಮುಂಚೆಯಿಂದಾನೂ ಮಾಡ್ತಾರೆ. ಬಂದ್ರಾ ಅಂತ ಕೇಳ್ತಾರೆ. ನೀವು ಬಂದ್ರಿ ಅಂದ್ರೆ ಸರಿ ಅಂತ ಇಡ್ತಾರೆ. ಬಂದಿಲ್ಲ ಅಂದ್ರೆ ಎಂಟಕ್ಕೆ ಇನ್ನೊಂದ್ಸಲ ಮಾಡ್ತಾರೆ. ಪೇಪರ್‌ನಲ್ಲಿ ಲಿಫ್ಟ್ ಅಂತ ಕಂಡ್ರೆ ಸಾಕು, ಅವತ್ತು ಊಟ ಮಾಡಲ್ಲ. ನಿಮಗೆ ಹೇಳ್ಬೇಡ ಅಂದಿದ್ರು."

ಆಸ್ಪತ್ರೆಯ ಗೋಡೆಯ ಮೇಲಿನ ಕೈ ತೊಳೆಯುವ ಚಿತ್ರವನ್ನೇ ನೋಡುತ್ತ ನಿಂತಿದ್ದೆ.

"ರೀ, ದಿನಾ ಅಲ್ಲಿರೋರು ನೀವು. ಕಣ್ಣಾರೆ ನೋಡ್ತಿರೋರು ನೀವು. ನಿಮಗೆ ಹೇಗೆ ಅನ್ಸತ್ತೋ ಹಾಗೆ ಮಾಡಿ. ಅಣ್ಣಂಗೆ ನಾನು ಹೇಳ್ತೀನಿ."

ಹನ್ನೊಂದಕ್ಕೆ ಭಾವನನ್ನು ಒಳಗೆ ಕಳಿಸಿದೆ. ನಿನ್ನೆ ಬಾಗಿಲವರೆಗೆ ಬಂದು ತಿರುಗಿ ಹೋಗಿದ್ದರು. ಇವತ್ತು ಮಾವನ ಕೈ ಹಿಡಿದು ನಿಂತರಂತೆ, ಎರಡು ನಿಮಿಷಕ್ಕೇ ತಲೆ ಸುತ್ತಿ ಬಂತಂತೆ. ದೊಡ್ಡ ಸಿಸ್ಟರ್ ತೋಳು ಹಿಡಿದು ಹೊರಗೆ ತಂದು ಕೂರಿಸಿದರು. ಬೆವತಿದ್ದರು. ನೀರು ಕೊಟ್ಟೆ.

"ಅಪ್ಪನ್ನ ಹೀಗೆ ನೋಡಿರ್ಲಿಲ್ಲ ನಾನು" ಎಂದರು. ನೀರು ಮುಗಿಸಿ, "ಏನು ಮಾಡೋಣ ಹೇಳಿ" ಎಂದರು.

"ಬುಧವಾರದವರೆಗೆ ಕಾಯೋಣ ಭಾವ. ಹೊತ್ತುಕೊಂಡು ಓಡಾಡೋ ಸ್ಥಿತೀಲಿ ಮಾವ ಇಲ್ಲ" ಎಂದೆ. ಆಂಬುಲೆನ್ಸ್ ವಾಪಸ್ ಹೋಯಿತು. ಇಲ್ಲೇ ಇರಲಿ ಎಂಬ ಕಾಗದಕ್ಕೆ ಸಹಿ ನಾನು ಹಾಕಿದೆ. ಸಹಿ ಬೇರೆ ಯಾರದ್ದೋ ಥರ ಬಂತು.

ಮಾರ್ಚ್ 10, ಸೋಮವಾರ

ಕಾದೆವು.

ಮಾರ್ಚ್ 11, ಮಂಗಳವಾರ

ಹಳದಿಯ ಅಂಕಿ ಎಂಟೂವರೆ.

ಎದೆ ಸ್ವಲ್ಪ ತಿಳಿಯಾಗಿದೆ, ಬಿ.ಪಿ.ಯ ಒಂದು ಔಷಧಿ ನಿಲ್ಲಿಸಿದ್ದಾರೆ. ಲಿವರಿನ ಅಂಕಿ ಯಾವಾಗಲೂ ಹಿಂದೆ ಬೀಳುತ್ತದೆ, ಉಳಿದದ್ದು ಸರಿಯಾದ ಮೇಲೂ ಕೆಲವು ದಿನ ಏರುತ್ತದೆ ಎಂದರು ಡಾಕ್ಟರಮ್ಮ. ಭಾವ ಏನೂ ಆಡಲಿಲ್ಲ. ಅದೇ ಕಷ್ಟ. ಬೈದಿದ್ದರೆ ಹಗುರಾಗುತ್ತಿತ್ತು.

ಮೊದಲ ದಿನವೇ ಬರೆಯಬೇಕಿದ್ದದ್ದನ್ನು ಇವತ್ತು ಬರೆಯುತ್ತೇನೆ. ಮಾರ್ಚ್ ಒಂದು, ಶನಿವಾರ, ಇವಳಿಗೆ ಜ್ವರವೆಂದು ಮಾವನ ಫೋನ್ ನಾನೇ ಎತ್ತಿದ್ದೆ. ಮಾತಿನ ನಡುವೆ ಕೆಮ್ಮಿದರು. ಒಳಗಿನಿಂದ ಬಂದ ಒದ್ದೆ ಕೆಮ್ಮು. ಕೇಳಿಸಿತು. ಹುಷಾರಿದ್ದೀರಾ ಎಂದು ಒಂದು ಮಾತು ಕೇಳಬಹುದಿತ್ತು. ಪುಟ್ಟಿ ಅಳುತ್ತಿದ್ದಾಳೆ ಎಂದು ಇಟ್ಟುಬಿಟ್ಟೆ. ಅವಳು ಅಳುತ್ತಿರಲಿಲ್ಲ. ಶನಿವಾರವೇ ಕರೆದುಕೊಂಡು ಬಂದಿದ್ದರೆ ಹೇಗಿರುತ್ತಿತ್ತು ಎಂದು ಡಾಕ್ಟರಮ್ಮನನ್ನು ಕೇಳಿದೆ. "ಬೇಗ ಬಂದಿದ್ರೆ ಒಳ್ಳೇದಿತ್ತು" ಎಂದರು. ಸುಳ್ಳು ಸಮಾಧಾನ ಹೇಳುವ ಪೈಕಿ ಅಲ್ಲ ಅವರು. "ಈಗ ಬಂದಿದೀರಲ್ಲ, ಇದನ್ನ ನೋಡೋಣ."

ಮಾರ್ಚ್ 12, ಬುಧವಾರ

ಹನ್ನೊಂದು ಗಂಟೆಗೆ ಬಾಗಿಲು ತೆರೆಯುವುದನ್ನೇ ಕಾಯುತ್ತ ನಾವಿಬ್ಬರೂ ಬೆಂಚಿನಲ್ಲಿ ಕೂತಿದ್ದೆವು. ಹತ್ತೂವರೆಗೆ ದೊಡ್ಡ ಸಿಸ್ಟರ್ ಹೊರಗೆ ಬಂದರು. ಸಮಯವಲ್ಲದ ಸಮಯಕ್ಕೆ ಆ ಬಾಗಿಲು ತೆರೆದರೆ ಕೂತವರೆಲ್ಲರ ಜೀವ ಬಾಯಿಗೆ ಬರುತ್ತದೆ. ನನ್ನನ್ನೇ ಬೆರಳು ಮಾಡಿ ಕರೆದರು. ಎದ್ದು ಹೋದೆ.

"ನಿಮ್ಮ ಮಾವ ಹೂಸು ಬಿಟ್ರು" ಎಂದರು.

ನನಗೆ ಅರ್ಥವಾಗಲಿಲ್ಲ. ಭಾವ ಹಿಂದೆಯೇ ಬಂದು, "ಏನು, ಏನಾಯ್ತು?" ಎಂದರು.

"ಹೂಸು ರೀ, ಹೂಸು. ಬೆಳಗ್ಗೆಯಿಂದ ಹೊಟ್ಟೆ ಗುಡುಗುಡು ಅಂತಿತ್ತು. ಈಗ ಮೂರು ಸಲ. ಹಾಕಿದ ಆಹಾರಾನೂ ವಾಪಸ್ ಬಂದಿಲ್ಲ. ಡಾಕ್ಟರಮ್ಮ ಗಂಟೆಗೆ ಇಪ್ಪತ್ತಕ್ಕೆ ಏರಿಸಿ ಅಂದಿದಾರೆ. ಹೋಗಿ, ಇಬ್ರೂ ಏನಾದ್ರೂ ತಿಂದು ಬನ್ನಿ."

ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ಮೊದಲು ನಕ್ಕರು. ಆಮೇಲೆ ಎಲ್ಲರೂ. ಭಾವ ಗೋಡೆಗೆ ಹಣೆ ಒತ್ತಿಕೊಂಡು ಅಳುತ್ತಿದ್ದರು. ಬೆನ್ನ ಮೇಲೆ ಕೈ ಇಟ್ಟೆ. ಇವಳಿಗೆ ಫೋನ್ ಮಾಡಿ ಅದೇ ಮಾತನ್ನು ಹೇಳಿದೆ. "ಅಪ್ಪನಾ? ಇರಲಿಕ್ಕಿಲ್ಲ" ಎಂದಳು. ಅವರಪ್ಪ ಅಂಥ ಕೆಲಸ ಮಾಡುವವರೆಂದು ಅವಳಿಗೆ ನಂಬಿಕೆಯೇ ಬರಲಿಲ್ಲ. ನಕ್ಕು ನಕ್ಕು ಆಮೇಲೆ ಅತ್ತಳು. ಹಿಂದಿನಿಂದ ಪುಟ್ಟಿ "ತಾತ ಏನು ಮಾಡಿದ್ರು?" ಎಂದು ಕೇಳುತ್ತಲೇ ಇದ್ದಳು.

ಸಂಜೆ ಡಾಕ್ಟರಮ್ಮ ನನ್ನನ್ನು ನೋಡಿ, "ಇವತ್ತು ಧೈರ್ಯ ಹೇಳ್ತೀನಿ" ಎಂದರು.

ಮನೆಗೆ ಬಂದು ಒಂಬತ್ತು ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮಾರ್ಚ್ 15, ಶನಿವಾರ

ಬಾಯಿಯ ಕೊಳವೆ ತೆಗೆದರು. ಹಳದಿಯ ಅಂಕಿ ಏಳು, ಇಳಿಯುತ್ತಿದೆ. ಗಂಟಲು ಕಟ್ಟಿದೆ, ಪಿಸುಮಾತು ಮಾತ್ರ. ಮಾವನ ಮೊದಲ ಮಾತು ಯಾರಿಗೆ ಎಂದು ಭಾವ, ನಾನು ಇಬ್ಬರೂ ಬಗ್ಗಿದೆವು. ದೊಡ್ಡ ಸಿಸ್ಟರಿಗೆ ಹೇಳಿದರು: "ಚಾದರ ಓರೆಯಾಗಿದೆ."

ಭಾವ ಸಂಜೆಯ ಬಸ್ಸಿಗೆ ಹೊರಟರು. ಹತ್ತುವ ಮೊದಲು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಆವತ್ತು ಆಡಿದ ಮಾತು..." ಎಂದರು. "ಬಸ್ ಹೊರಡ್ತಿದೆ ಭಾವ" ಎಂದೆ.

ಮಾರ್ಚ್ 20, ಗುರುವಾರ

ವಾರ್ಡಿಗೆ ಬಂದು ಎರಡು ದಿನ. ಕಿಟಕಿ ಪಕ್ಕದ ಹಾಸಿಗೆ. ಅಂಕಿ ಮೂರೂವರೆ. ಇವಳ ಗುಳ್ಳೆ ಒಣಗಿವೆ, ನಾಳೆಯಿಂದ ಬರಬಹುದು. ಅದಕ್ಕೇ ಇವತ್ತು ಗಡ್ಡ ತೆಗೆಯಲೇಬೇಕೆಂದು ಮಾವ ಹಟ ಹಿಡಿದರು. ಕೈ ನಡುಗುವುದರಿಂದ ಅವರಿಗೆ ಆಗುವುದಿಲ್ಲ. ಬಿಸಿನೀರು, ಸೋಪು, ಬ್ಲೇಡು ತಂದೆ. ಕೆನ್ನೆ ಒಳಗೆ ಹೋಗಿರುವುದರಿಂದ ಚರ್ಮ ಎಳೆದು ಹಿಡಿಯಬೇಕು. ಒಂದೂ ಗಾಯವಾಗದಂತೆ ಮಾಡಿದೆ.

ಕನ್ನಡಿ ಹಿಡಿದು ನೋಡಿಕೊಂಡರು. "ಕಿವಿ ಕೆಳಗೆ ಬಿಟ್ಟಿದೀಯ" ಎಂದರು. ಬಿಟ್ಟಿದ್ದೆ, ನಿಜ. ತೆಗೆದೆ.

ಬ್ಲೇಡು ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ಹೇಳಿದೆ: "ಮಾವ, ಆ ಶನಿವಾರ ನೀವು ಫೋನಲ್ಲಿ ಕೆಮ್ಮಿದ್ದು ನಂಗೆ ಕೇಳಿಸಿತ್ತು. ಕೇಳಿಸಿಯೂ ಇಟ್ಟುಬಿಟ್ಟೆ."

ನಿದ್ದೆ ಹೋದರೇನೋ ಎಂದು ತಿರುಗಿದೆ. ಕಿಟಕಿ ಕಡೆ ನೋಡುತ್ತಿದ್ದರು.

"ನೂರಮೂರು ಜ್ವರ ಇತ್ತು ನಂಗೆ. ಹೇಳಿದ್ನಾ ನಿಂಗೆ?"

"ಇಲ್ಲ."

"ಹೇಳಬಾರದು ಅಂತಾನೇ ಹೇಳ್ಲಿಲ್ಲ. ಅಳಿಯನ ಮುಂದೆ ಯಾಕೆ ಸಣ್ಣವನಾಗ್ಲಿ ಅಂತ. ಅಷ್ಟು ಮಾಡಿದ್ದಕ್ಕೆ ನೋಡು, ನರ್ಸಮ್ಮ ಆಸ್ಪತ್ರೆಗೆಲ್ಲ ನನ್ನ ಹೂಸಿನ ಸುದ್ದಿ ಹೇಳಿದಾಳಂತೆ. ಇನ್ನೇನು ಮಾನ ಉಳಿದಿದೆ."

ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ನಗು ಕೆಮ್ಮಾಯಿತು. ಎತ್ತಿ ಕೂರಿಸಿ ಬೆನ್ನು ನೀವಿದೆ. ಒಣ ಕೆಮ್ಮು, ಭಯವಿಲ್ಲದ್ದು. ಆಮೇಲೆ ಕಾಲಿನ ಉಗುರು ಕತ್ತರಿಸಿದೆ.

ಏಪ್ರಿಲ್ 12, ಶನಿವಾರ

ತುಂಬ ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ, ಅದೇ ಸುಖ. ಮಾವ ತಮ್ಮ ಕೋಣೆಗೆ ಮರಳಿದ್ದಾರೆ. ನಾನು ಕೆಲಸಕ್ಕೆ ಹೋಗುತ್ತಿದ್ದೇನೆ.

ಇವತ್ತು ಕೊನೆಯ ತಪಾಸಣೆ. ಅಂಕಿ ಒಂದು. ಡಾಕ್ಟರಮ್ಮ ಟಾರ್ಚ್ ಹಾಕಿ ಕಣ್ಣು ನೋಡಿ, ಹೊಟ್ಟೆಯ ಮೇಲೆ ಬೆರಳು ಬಡಿದು, "ಲಿವರ್‌ಗೆ ಒಂದು ಒಳ್ಳೇ ಗುಣ ಇದೆ. ಕಾರಣ ಹೋದ್ರೆ ಮನಸ್ಸಲ್ಲಿ ಇಟ್ಕೊಳ್ಳಲ್ಲ" ಎಂದರು. ಕಾಲಿನ ಮಾಂಸ ಕರಗಿದ್ದು ಮಾತ್ರ ಬರಲು ತಿಂಗಳುಗಳು ಬೇಕು. ಸ್ವಲ್ಪ ಸ್ವಲ್ಪ ತಿನ್ನಬೇಕು, ನಡೆಯಬೇಕು.

ಹೊರಗೆ ಬಂದ ಮೇಲೆ ಆಟೋ ಬೇಡ ಎಂದರು. ಬೇಕರಿಯವರೆಗೆ ನಡೆದೆವು. ಮೂರು ಕಡೆ ನಿಂತರು. ಒಂದು ಬನ್ನು, ಹಾಲು ತೆಗೆದುಕೊಂಡರು. ಮುಗಿಸಿ, "ಇನ್ನೂ ಹಸಿವು ಕಣೋ, ಇನ್ನೊಂದು ಹೇಳು" ಎಂದರು. ಡಾಕ್ಟರಮ್ಮ ಸ್ವಲ್ಪ ಸ್ವಲ್ಪ ಅಂದಿದ್ದಾರೆ ಎಂದೆ. "ಸ್ವಲ್ಪ, ಸ್ವಲ್ಪ. ಎರಡು ಸಲ ಅಂದ್ಲು, ಎರಡು ಬನ್ನು" ಎಂದರು. ಕೋರ್ಟಿನಲ್ಲಿದ್ದವರ ಹತ್ತಿರ ವಾದ ಬೇಡವೆಂದು ಇನ್ನೊಂದು ಬನ್ನು ತರಿಸಿದೆ.

"ರಾತ್ರಿ ಊಟಕ್ಕೆ ನಿಮ್ಮನೆಗೆ ಬರ್ತೀನಿ. ಅವಳಿಗೆ ಹೇಳಿಡು. ಕರ್ಕೊಂಡು ಹೋಗೋಕೆ ಬರ್ಬೇಡ, ನಾನೇ ಬರ್ತೀನಿ."

ಈಗ ಆರೂವರೆ. ಒಳಗೆ ಒಗ್ಗರಣೆಯ ವಾಸನೆ. ಪುಟ್ಟಿ ಬಾಗಿಲ ಹತ್ತಿರ ಎರಡು ಸಲ ಹೋಗಿ ಬಂದಳು. ಕೆಳಗಿನ ಮೆಟ್ಟಿಲಲ್ಲಿ ಹೆಜ್ಜೆ ಸದ್ದು ಕೇಳುತ್ತಿದೆ. ಒಂದು ಹೆಜ್ಜೆ, ಆಮೇಲೆ ಉಸಿರು, ಮತ್ತೆ ಒಂದು ಹೆಜ್ಜೆ. ನಮ್ಮದು ಮೂರನೆಯ ಮಹಡಿ. ಅರ್ಧದಲ್ಲಿ ನಿಂತು ಕೂಗುತ್ತಿದ್ದಾರೆ, ಇಡೀ ಕಟ್ಟಡಕ್ಕೆ ಕೇಳಿಸುವ ಹಾಗೆ:

"ಏನೋ ಇದು, ಊರ ಲಿಫ್ಟೆಲ್ಲ ರಿಪೇರಿ ಮಾಡ್ತೀಯ, ನೀನಿರೋ ಕಟ್ಟಡಕ್ಕೇ ಒಂದು ಲಿಫ್ಟ್ ಇಲ್ವಲ್ಲೋ!"

ಇಳಿದು ಹೋಗಿ ಕೈ ಹಿಡಿದು ಹತ್ತಿಸಬೇಕು. ಇಷ್ಟು ಸಾಕು.